ಚರಗದ ಪಾಲು: ಸ್ವಾವಲಂಬಿ ಬದುಕು ಮತ್ತು ಭೂಮಿಯ ಋಣ

ತನ್ನ ಅನ್ನವನ್ನು ತಾನೇ ಬೆಳೆದು ಉಣ್ಣುವವರಿಗೆ ಭೂಮಿಯ ಜೊತೆ ಹೊಟ್ಟೆಪಾಡನ್ನು ಮೀರಿದ ನಂಟೊಂದು ಇರುತ್ತದೆ ಎಂಬ ನಂಬಿಕೆ ಬಹಳ ಹಳೆಯದು. ಆ ನಂಟು ಎಂಥದು, ಅದು ಬರೀ ದುಡಿಮೆಯಿಂದ ಹುಟ್ಟುತ್ತದೆಯೇ ಅಥವಾ ಮತ್ತೇನಾದರೂ ಬೇಕೇ ಎಂಬ ಪ್ರಶ್ನೆಗೆ ಹುಬ್ಬಳ್ಳಿ-ಧಾರವಾಡ ಸೀಮೆಯಲ್ಲಿ ಮೂರು ಕಡೆಯಿಂದ ಉತ್ತರ ಸಿಗುತ್ತದೆ: ಒಕ್ಕಲು ಮಕ್ಕಳ ಹೊಲದ ಹಬ್ಬಗಳು, 12ನೇ ಶತಮಾನದ ಶರಣರ ಕಾಯಕ-ದಾಸೋಹದ ವಿಚಾರ ಮತ್ತು ಗಾಂಧೀಜಿಯವರ ಶರೀರಶ್ರಮದ ಚಿಂತನೆ. ಮೂರಕ್ಕೂ ಪರಸ್ಪರ ಭಿನ್ನಾಭಿಪ್ರಾಯಗಳಿವೆ. ಆದರೆ ದುಡಿದು ಉಂಡರೆ ಸಾಲದು, ಉಣ್ಣುವ ಮೊದಲು ಪಾಲು ತೆಗೆದಿಡಬೇಕು ಎಂಬಲ್ಲಿ ಮೂರೂ ಕೂಡುತ್ತವೆ.

ಧಾರವಾಡ ಜಿಲ್ಲೆ ಮಲೆನಾಡಿಗೂ ಬಯಲುಸೀಮೆಗೂ ನಡುವಿನದು. ಪಶ್ಚಿಮಕ್ಕೆ ಕಲಘಟಗಿ, ಅಳ್ನಾವರದ ಕಡೆ ಭತ್ತದ ಗದ್ದೆಗಳು; ಪೂರ್ವಕ್ಕೆ ಕುಂದಗೋಳ, ನವಲಗುಂದ, ಅಣ್ಣಿಗೇರಿಯ ಎರಿ, ಅಂದರೆ ಕಪ್ಪುಮಣ್ಣಿನ, ಹೊಲಗಳು. ಎರಿ ಭೂಮಿ ಮಳೆಯ ಹಸಿಯನ್ನು ಹಿಡಿದಿಟ್ಟುಕೊಳ್ಳುವುದರಿಂದ ಅಲ್ಲಿ ಹಿಂಗಾರಿ ಬಿಳಿಜೋಳ, ಕಡಲೆ, ಗೋಧಿ, ಕುಸುಬಿ ಬೆಳೆಯುತ್ತವೆ. ಹಳೆಯ ಕ್ರಮದಲ್ಲಿ ಒಂದೇ ಹೊಲದಲ್ಲಿ ಮನೆಗೆ ಬೇಕಾದ ಹಲವು ಸಾಮಾನು ಸಿಗುತ್ತಿದ್ದವು. ಮುಖ್ಯ ಬೆಳೆಯ ನಡುವೆ ಅಕ್ಕಡಿ ಸಾಲಿನಲ್ಲಿ ಕಾಳುಕಡಿ ಬೆಳೆಯುತ್ತಿತ್ತು. ಜೋಳದ ಹೊಲದ ಅಂಚಿಗೆ ಹಾಕಿದ ಕುಸುಬಿ ತನ್ನ ಮುಳ್ಳಿನಿಂದ ದನಗಳನ್ನು ತಡೆಯುತ್ತಿತ್ತು, ಆಮೇಲೆ ಗಾಣಕ್ಕೆ ಹೋಗಿ ಮನೆಗೆ ಎಣ್ಣೆಯಾಗಿ ಬರುತ್ತಿತ್ತು. ಜೋಳ ನೆಲದೊಳಗಿನ ಕಣಜವಾದ ಹಗೇವು ಸೇರುತ್ತಿತ್ತು, ಕಣಿಕೆ ಎತ್ತುಗಳ ಮೇವಾಗುತ್ತಿತ್ತು, ಸಗಣಿ ತಿಪ್ಪೆಗೆ ಬಿದ್ದು ಗೊಬ್ಬರವಾಗಿ ಮರಳಿ ಹೊಲಕ್ಕೇ ಹೋಗುತ್ತಿತ್ತು. ಮಣ್ಣಿನಿಂದ ತೆಗೆದದ್ದರಲ್ಲಿ ಒಂದಿಷ್ಟು ಮಣ್ಣಿಗೇ ಮರಳುವ ಈ ಸುತ್ತು ತಪ್ಪಿದರೆ ಮುಂದಿನ ಬೆಳೆ ಸೊರಗುತ್ತದೆ ಎಂಬುದು ರೈತರ ಅನುಭವದ ಮಾತು.

ಈ ಅನುಭವವೇ ಹಬ್ಬಗಳ ರೂಪ ತಾಳಿದೆ. ಮುಂಗಾರು ಶುರುವಾಗುವ ಹೊತ್ತಿಗೆ ಬರುವ ಕಾರಹುಣ್ಣಿಮೆಯಲ್ಲಿ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಅವುಗಳನ್ನು ಓಡಿಸಿ ತೋರಣ ಹರಿಸುವ ‘ಕರಿ ಹರಿಯುವ’ ಆಚರಣೆ ಮಾಡುತ್ತಾರೆ. ಅದಾದ ಮೇಲೆ ಮಣ್ಣಿನ ಪೂಜೆಗಳ ಸಾಲು: ಮಣ್ಣೆತ್ತಿನ ಅಮಾವಾಸ್ಯೆ, ಆಷಾಢದ ಮಂಗಳವಾರಗಳಂದು ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪ, ಅವನ ಬೆನ್ನಿಗೆ ಜೋಕುಮಾರ. ಈ ದೇವರುಗಳನ್ನು ಕೆರೆದಂಡೆಯ ಅಥವಾ ಹೊಲದ ಮಣ್ಣಿನಿಂದ ಮಾಡುವುದು ರೂಢಿ. ಮಣ್ಣೆತ್ತಿಗೆ ಜೋಳದ ಕಾಳಿನ ಕಣ್ಣು ಇಟ್ಟರೆ ಪೂಜೆಗೆ ಸಿದ್ಧ. ಜೋಕುಮಾರನನ್ನು ಬುಟ್ಟಿಯಲ್ಲಿ ಕೂಡಿಸಿಕೊಂಡು ಹೆಣ್ಣುಮಕ್ಕಳು ಮನೆಮನೆಗೆ ಒಯ್ಯುತ್ತಾರೆ. ಮನೆಯವರು ಮೊರದ ತುಂಬ ಕಾಳು ನೀಡುತ್ತಾರೆ. ಅವನು ಸತ್ತ ಮೇಲೆ ಮಳೆ ಬರುತ್ತದೆ ಎಂಬ ನಂಬಿಕೆಯಿದೆ. ಈ ದೇವರುಗಳಲ್ಲಿ ಯಾರೂ ಶಾಶ್ವತವಾಗಿ ಗುಡಿಯಲ್ಲಿ ಉಳಿಯುವವರಲ್ಲ. ಪೂಜೆ ಮುಗಿದರೆ ಮಣ್ಣು ಮಣ್ಣಿಗೆ ಸೇರುತ್ತದೆ.

ಇವುಗಳಲ್ಲೆಲ್ಲ ಭೂಮಿಯ ಋಣವನ್ನು ನೇರವಾಗಿ ಹೇಳುವ ಆಚರಣೆ ಚರಗ. ಸೀಗಿಹುಣ್ಣಿಮೆಯ ಹೊತ್ತಿಗೆ ಮುಂಗಾರಿ ಬೆಳೆ ತುಂಬಿ ನಿಂತಿರುತ್ತದೆ. ಆಗ ಭೂಮಿತಾಯಿಯನ್ನು ಬಸುರಿ ಹೆಣ್ಣುಮಗಳೆಂದು ಭಾವಿಸಿ, ಬಯಕೆಯ ಅಡುಗೆ ಮಾಡಿ ಹೊಲಕ್ಕೆ ಒಯ್ಯುತ್ತಾರೆ. ಎಳ್ಳಮಾವಾಸ್ಯೆಯಲ್ಲಿ ಹಿಂಗಾರಿ ಪೈರಿಗೂ ಇದೇ ಉಪಚಾರ. ಸಜ್ಜಿ ರೊಟ್ಟಿ, ಕಡಬು, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಲೆ, ಅಗಸಿ ಹಿಂಡಿ ಬುಟ್ಟಿಯಲ್ಲಿ ತುಂಬಿರುತ್ತವೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸುತ್ತಾರೆ. ಆಮೇಲೆ ಒಬ್ಬರು ಎಡೆಯ ಅಡುಗೆಯನ್ನು ಹೊಲದ ಸುತ್ತ ಚೆಲ್ಲುತ್ತ ಹೋದರೆ, ಇನ್ನೊಬ್ಬರು ಹಿಂದಿನಿಂದ ನೀರು ಚಿಮುಕಿಸುತ್ತಾರೆ. ಅದು ಮುಗಿದ ಮೇಲೆಯೇ ಮನೆಯವರು, ನೆರೆಹೊರೆಯವರು, ಕರೆದ ಬೀಗರು ಹೊಲದಲ್ಲೇ ಕೂತು ಉಣ್ಣುತ್ತಾರೆ. ಚೆಲ್ಲಿದ ಅನ್ನ ಹಕ್ಕಿ, ಇರುವೆ, ಹುಳುಗಳ ಪಾಲಾಗುತ್ತದೆ. ಭೂಮಿಯ ಫಲಕ್ಕೆ ಮನುಷ್ಯನೊಬ್ಬನೇ ಹಕ್ಕುದಾರನಲ್ಲ ಎಂಬ ತತ್ತ್ವ ಇಲ್ಲಿ ಉಪದೇಶವಿಲ್ಲದೆ, ಊಟದ ಸರದಿಯಲ್ಲೇ ಇದೆ.

ಶರಣರು ಈ ವಿಚಾರವನ್ನು ಬೇರೆ ದಾರಿಯಿಂದ ತಲುಪಿದರು. ಕಲ್ಲುಮಣ್ಣಿನ ಪೂಜೆಯನ್ನು ಅವರು ಒಪ್ಪಲಿಲ್ಲ. ಕಲ್ಲನಾಗರಕ್ಕೆ ಹಾಲೆರೆಯುವುದನ್ನು ಬಸವಣ್ಣನವರು ಟೀಕಿಸಿದ್ದು ಪ್ರಸಿದ್ಧ. ಅವರಿಗೆ ಪವಿತ್ರವಾದದ್ದು ಸತ್ಯಶುದ್ಧ ಕಾಯಕ. ಒಕ್ಕಲಿಗ ಮುದ್ದಣ್ಣ, ಹಗ್ಗ ಹೊಸೆಯುವ ನುಲಿಯ ಚಂದಯ್ಯನಂಥವರು ಅನುಭಾವಿಗಳ ಸಾಲಿನಲ್ಲಿ ಕೂತದ್ದು ಇದರಿಂದಲೇ. ಆದರೆ ಕಾಯಕಕ್ಕೂ ಒಂದು ಮಿತಿಯಿತ್ತು. ಶರಣರ ನೆಲೆಯಾಗಿದ್ದ ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದಳೆಂಬ ಕಥೆ ಪರಂಪರೆಯಲ್ಲಿದೆ. ಅಗತ್ಯಕ್ಕೆ ಮೀರಿದ್ದು ಇನ್ನೊಬ್ಬರ ಪಾಲು ಎಂಬುದು ಆಕೆಯ ನಿಲುವು. ದುಡಿದದ್ದು ದಾಸೋಹಕ್ಕೆ ಸಲ್ಲದಿದ್ದರೆ ಕಾಯಕ ಪೂರ್ತಿಯಾಗುವುದಿಲ್ಲ. ಧಾರವಾಡದ ಮುರುಘಾಮಠದ ಪ್ರಸಾದನಿಲಯ, ಹುಬ್ಬಳ್ಳಿಯ ಸಿದ್ಧಾರೂಢಮಠದ ದಾಸೋಹದಲ್ಲಿ ಈ ವಿಚಾರ ಇಂದಿಗೂ ಅನ್ನವಾಗಿ ಉಳಿದಿದೆ.

ಮೂರನೆಯ ದಾರಿ ಗಾಂಧೀಜಿಯವರದು. ಅವರು 1904ರಲ್ಲಿ ಇಂಗ್ಲಿಷ್ ಲೇಖಕ ರಸ್ಕಿನ್ ಅವರ ಪುಸ್ತಕ ಓದಿ ದಕ್ಷಿಣ ಆಫ್ರಿಕಾದಲ್ಲಿ ಫೀನಿಕ್ಸ್ ಆಶ್ರಮ ಕಟ್ಟಿದರು; 1910ರಲ್ಲಿ ಟಾಲ್‌ಸ್ಟಾಯ್ ಫಾರ್ಮ್ ಶುರುವಾಯಿತು. ಪ್ರತಿಯೊಬ್ಬರೂ ತಮ್ಮ ಅನ್ನಕ್ಕಾಗಿ ಮೈಮುರಿದು ದುಡಿಯಬೇಕೆಂಬ ರಷ್ಯನ್ ಲೇಖಕ ಟಾಲ್‌ಸ್ಟಾಯ್ ಅವರ ವಿಚಾರವನ್ನು ಗಾಂಧೀಜಿ ಭಗವದ್ಗೀತೆಯ ಮೂರನೆಯ ಅಧ್ಯಾಯದ ಯಜ್ಞದ ಕಲ್ಪನೆಗೆ ಜೋಡಿಸಿದರು. ಪಡೆದದ್ದರಲ್ಲಿ ಮರಳಿ ಕೊಡದೆ ಉಣ್ಣುವವನು ಕಳ್ಳ ಎನ್ನುತ್ತದೆ ಆ ಅಧ್ಯಾಯ. ಚರಗ ಚೆಲ್ಲುವ ರೈತನಿಗೆ ಈ ಮಾತು ಹೊಸದಾಗಿ ಕಾಣಲಾರದು. ಗಾಂಧೀಜಿಯವರ ಸ್ವಾವಲಂಬನೆ ಹೊಲದಿಂದ ಮಗ್ಗದವರೆಗೂ ಹಬ್ಬಿತು. ಧಾರವಾಡ ಸಮೀಪದ ಗರಗ ರಾಷ್ಟ್ರಧ್ವಜದ ಖಾದಿಗೆ ಹೆಸರಾದ ಊರು. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಧ್ವಜ ತಯಾರಿಕೆಗೆ ದೇಶದಲ್ಲೇ ಹೆಸರು ಮಾಡಿದೆ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹೊಲದ ಲೆಕ್ಕ ಬದಲಾಯಿತು. ಮಲಪ್ರಭಾ ಕಾಲುವೆಯ ನೀರಿನೊಂದಿಗೆ ನಗದು ಬೆಳೆ, ರಾಸಾಯನಿಕ ಗೊಬ್ಬರ, ಸಾಲ ಬಂದವು. ನೀರಾವರಿಯ ಅಭಿವೃದ್ಧಿ ಕರ ಸಹ ರೈತರ ತಲೆಮೇಲೆ ಬಿದ್ದಾಗ 1980ರ ಜುಲೈನಲ್ಲಿ ನರಗುಂದ, ನವಲಗುಂದದಲ್ಲಿ ಬಂಡಾಯವಾಯಿತು. 2002ರಲ್ಲಿ ದೇಶದಲ್ಲಿ ಬಿಟಿ ಹತ್ತಿಗೆ ಪರವಾನಗಿ ಸಿಕ್ಕ ಮೇಲೆ, ಈ ಭಾಗದ ಹಳೆಯ ಜಯಧರ ಹತ್ತಿ ಮೂಲೆಗೆ ಸರಿದು, ಬೀಜವನ್ನು ವರ್ಷವರ್ಷವೂ ಅಂಗಡಿಯಿಂದ ತರುವ ರೂಢಿ ಬೇರೂರಿತು. ಹೊಲ ಇದೆ, ಚರಗವೂ ನಡೆಯುತ್ತದೆ. ಆದರೆ ಬೀಜ ಮನೆಯದಲ್ಲ, ಬೆಳೆದದ್ದು ಹೊಟ್ಟೆಗಲ್ಲ. ಇಲ್ಲಿ ಋಣ ಎಂದರೆ ಭೂಮಿಯದಕ್ಕಿಂತ ಬ್ಯಾಂಕಿನದೇ ಹೆಚ್ಚು ನೆನಪಾಗುತ್ತದೆ.

ಹಾಗೆಂದು ಹಳೆಯ ವ್ಯವಸ್ಥೆ ಸಮತೆಯದೇನೂ ಆಗಿರಲಿಲ್ಲ. ಕಣದಲ್ಲಿ ರಾಶಿ ಆದಾಗ ಬಡಿಗ, ಕಮ್ಮಾರ ಮೊದಲಾದವರು ತಮ್ಮ ಕೆಲಸಕ್ಕೆ ಪ್ರತಿಯಾಗಿ ಕಾಳಿನ ಪಾಲು, ಅಂದರೆ ಆಯ, ಪಡೆಯುತ್ತಿದ್ದರು. ಅದೇ ಆಯದ ಕಟ್ಟು ದಲಿತರನ್ನು ಹುಟ್ಟಿನ ಕೆಲಸಕ್ಕೆ ಕಟ್ಟಿಹಾಕಿತ್ತು. ಕಳೆ ತೆಗೆಯುವ, ಬೀಜ ಕಾಯ್ದಿಡುವ ಹೆಣ್ಣುಮಕ್ಕಳ ಹೆಸರು ಜಮೀನಿನ ಉತಾರದಲ್ಲಿ ವಿರಳವಾಗಿತ್ತು. 1974ರ ಭೂಸುಧಾರಣೆ ಗೇಣಿದಾರರಿಗೆ ಭೂಮಿ ಕೊಟ್ಟಿತು, ಆದರೆ ಭೂಮಿಯೇ ಇಲ್ಲದ ಕೂಲಿಕಾರರಲ್ಲಿ ಬಹುಪಾಲು ಜನ ಹಾಗೇ ಉಳಿದರು. ಭೂಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಹೊಲ ಕೊಳ್ಳುವಂತಾಗಿ, ಪೇಟೆಯವರಿಗೆ ಮಣ್ಣಿನ ಬದುಕಿನ ದಾರಿ ತೆರೆಯಿತು. ಹಣವಿದ್ದವರು ಹೊಲ ಕೊಂಡು ಕಾಣುವ ನೆಮ್ಮದಿಯನ್ನು ಭೂಮಿಯ ನಂಟೆಂದು ಕರೆಯಬಹುದೇ ಎಂಬುದು ಶರಣರ ಮಾನದಂಡದಲ್ಲಿ ಕಠಿಣ ಪ್ರಶ್ನೆ.

ಈ ಪ್ರಶ್ನೆಯ ಉತ್ತರಕ್ಕೆ ಹತ್ತಿರ ಬರುವ ಒಂದು ಉದಾಹರಣೆ ಕುಂದಗೋಳ ತಾಲೂಕಿನ ತೀರ್ಥ ಗ್ರಾಮದ್ದು. ಅಲ್ಲಿನ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘ ಸಿರಿಧಾನ್ಯದ ಬೀಜ ಬ್ಯಾಂಕ್ ಮತ್ತು ಸಂಸ್ಕರಣೆಯ ಕೆಲಸಕ್ಕೆ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಪಡೆಯಿತು. ಸಮುದಾಯದ ಬೀಜ ಬ್ಯಾಂಕಿನ ವಾಡಿಕೆಯೆಂದರೆ ಒಯ್ದ ಬೀಜವನ್ನು ಸುಗ್ಗಿಯಾದ ಮೇಲೆ ಹೆಚ್ಚಿಸಿ ಮರಳಿಸುವುದು. ಮರಳಿದ್ದು ಇನ್ನೊಬ್ಬರ ಹೊಲಕ್ಕೆ ಹೋಗುತ್ತದೆ. ಇಲ್ಲಿ ಸ್ವಾವಲಂಬನೆ ಒಂಟಿ ಮನೆಯದಲ್ಲ, ಊರಿನದು.

ಹೊಲದ ಹಬ್ಬ, ಕಾಯಕ, ಶರೀರಶ್ರಮ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಭೂಮಿಯ ನಂಟಿಗೆ ಮೂರು ಲಕ್ಷಣ ಕಾಣುತ್ತವೆ: ಕೈಯಾರೆ ದುಡಿಯುವುದು, ಸಾಕು ಎಂಬಲ್ಲಿ ನಿಲ್ಲುವುದು, ಉಣ್ಣುವ ಮೊದಲೇ ಮಣ್ಣಿಗೂ ನೆರೆಯವರಿಗೂ ಪಾಲು ಕೊಡುವುದು. ಮೊದಲನೆಯದೊಂದೇ ಇದ್ದರೆ ಅದು ಒಳ್ಳೆಯ ಒಕ್ಕಲುತನ. ಉಳಿದೆರಡೂ ಕೂಡಿದಾಗ ಮಾತ್ರ ಅದಕ್ಕೆ ಧರ್ಮದ ಹೆಸರು ಒಪ್ಪುತ್ತದೆ.