ದಧೀಚಿ ಮಹರ್ಷಿಗಳ ದಾನ ಮತ್ತು ನಮ್ಮ ಕರ್ತವ್ಯ

॥ ಶ್ರೀ ಹರಿವಾಯುಗುರುಭ್ಯೋ ನಮಃ ॥



ಚಾತುರ್ಮಾಸ್ಯದಲ್ಲಿ ಶ್ರೀಮದ್ಭಾಗವತದ ಆರನೆಯ ಸ್ಕಂಧದ ಪ್ರವಚನವಾಗುವಾಗ ದಧೀಚಿ ಮಹರ್ಷಿಗಳ ಚರಿತ್ರೆಯನ್ನು ನಾವೆಲ್ಲರೂ ಕೇಳುತ್ತೇವೆ. ವೃತ್ರನ ಭಯದಿಂದ ಕಂಗೆಟ್ಟ ದೇವತೆಗಳು ಶ್ರೀಹರಿಯ ಆಜ್ಞೆಯಂತೆ ಋಷಿಗಳಲ್ಲಿಗೆ ಬಂದು ಅವರ ದೇಹವನ್ನೇ ಬೇಡಿದರು. ಅವರ ಅಸ್ಥಿಗಳಿಂದ ವಿಶ್ವಕರ್ಮನು ವಜ್ರಾಯುಧವನ್ನು ನಿರ್ಮಿಸಿದನು. ಆದರೆ ಈ ಕಥೆಯ ನಡುವಿನ ಒಂದು ಸಂಗತಿ ನಮ್ಮ ಗಮನಕ್ಕೆ ಬರುವುದು ಕಡಿಮೆ. ಯಾಚನೆಯನ್ನು ಕೇಳಿದೊಡನೆ ಋಷಿಗಳು ಒಪ್ಪಿಬಿಡಲಿಲ್ಲ. ಬದುಕಲು ಬಯಸುವ ಜೀವಿಗೆ ದೇಹವು ಎಷ್ಟು ಪ್ರಿಯವೆಂಬುದನ್ನು ನೀವು ಬಲ್ಲಿರಾ ಎಂಬ ಭಾವದಿಂದ ನಸುನಗುತ್ತ ಪ್ರಶ್ನಿಸಿದರು. ದೇಹಮಮತೆಯ ಬಲವನ್ನು ಪುರಾಣವೇ ಮೊದಲು ಒಪ್ಪಿಕೊಂಡು ಅನಂತರ ತ್ಯಾಗವನ್ನು ವರ್ಣಿಸಿದೆ. ಆದುದರಿಂದ ಅಂಗದಾನದ ಮಾತು ಬಂದಾಗ ನಮ್ಮ ಮನೆಗಳಲ್ಲಿ ಹಿಂಜರಿಕೆ ತೋರಿದರೆ ಅದು ಅಧರ್ಮವಲ್ಲ. ವಿಚಾರ ಮಾಡದೆ ಹಿಂಜರಿಕೆಯಲ್ಲಿಯೇ ನಿಂತುಬಿಡುವುದು ಮಾತ್ರ ಸಲ್ಲದು.

ನಮ್ಮ ಸನ್ನಿಧಿಯ ಭಜನಾಮಂಡಳಿಯ ಮಿತ್ರರೊಬ್ಬರ ಮೂತ್ರಪಿಂಡಗಳೆರಡೂ ಕೆಟ್ಟು, ವಾರಕ್ಕೆ ಮೂರು ಬಾರಿ, ಪ್ರತಿಸಲವೂ ಸುಮಾರು ನಾಲ್ಕು ಗಂಟೆಗಳ ಕಾಲ ಡಯಾಲಿಸಿಸ್ ಯಂತ್ರದ ಆಶ್ರಯದಲ್ಲಿ ಅವರು ಕಾಲ ಕಳೆಯಬೇಕಾಯಿತು. ಮನೆಯವರ ಮೂತ್ರಪಿಂಡವು ಅವರಿಗೆ ಹೊಂದಲಿಲ್ಲ. ಕಡೆಗೆ ಹೆಸರನ್ನೂ ಅರಿಯದ ಯಾವುದೋ ಕುಟುಂಬವು, ತನ್ನ ಮನೆಯ ಮಗನನ್ನು ಕಳೆದುಕೊಂಡ ಹೊತ್ತಿನಲ್ಲಿ ಒಪ್ಪಿಗೆ ನೀಡಿತು. ಇಂದು ನಮ್ಮ ಮಿತ್ರರು ಮತ್ತೆ ತಾಳ ಹಿಡಿದು ಕುಳಿತಿದ್ದಾರೆ. ಆ ಕುಟುಂಬವು ನಮ್ಮ ಮತದವರೋ ಅಲ್ಲವೋ ನಾವು ಅರಿಯೆವು. ಕೊಟ್ಟವರೂ ನಮ್ಮ ಕುಲಗೋತ್ರಗಳನ್ನು ಕೇಳಲಿಲ್ಲ. ಪಡೆಯುವಾಗ ಕೈಯೊಡ್ಡಿದ ನಾವು ಕೊಡುವ ಸಂದರ್ಭ ಬಂದಾಗ ಏನೆನ್ನುವೆವು? ಈ ಪ್ರಶ್ನೆಗೆ ಉತ್ತರ ಹೇಳಬೇಕಾದವರು ನಾವೇ.

ಪೌರೋಹಿತ್ಯದ ಮನೆಯಲ್ಲಿ ಬೆಳೆದ ನಮ್ಮನ್ನು ಅನೇಕರು ಎರಡು ಸಂದೇಹಗಳನ್ನು ಕೇಳಿದ್ದಾರೆ.

ಮೊದಲನೆಯದು ಪ್ರಾಣದ ವಿಷಯ. ಎದೆ ಏರಿಳಿಯುತ್ತಿದೆ, ಮೈ ಬೆಚ್ಚಗಿದೆ. ಮುಖ್ಯಪ್ರಾಣನು ಹೊರಟನೆಂದು ಹೇಗೆ ನಂಬುವುದು? ಪ್ರತಿ ದಿನವೂ 21,600 ಶ್ವಾಸಗಳಿಂದ ನಮ್ಮೊಳಗೆ ಹಂಸಮಂತ್ರವನ್ನು ಜಪಿಸುವವನು ವಾಯುದೇವನೆಂದು ನಂಬಿದ ನಮಗೆ ಇದು ಸಹಜವಾದ ಪ್ರಶ್ನೆ. ತಲೆಗೆ ಭಾರಿ ಪೆಟ್ಟು ಬಿದ್ದಾಗ ಅಥವಾ ಮೆದುಳಿನಲ್ಲಿ ರಕ್ತಸ್ರಾವವಾದಾಗ ಮೆದುಳಿನ ಕಾಂಡವು ಮರಳಿ ಚೇತರಿಸದಂತೆ ನಾಶವಾಗುವುದುಂಟು. ಶ್ವಾಸವನ್ನು ನಡೆಸುವ ಕೇಂದ್ರವಿರುವುದು ಅಲ್ಲಿಯೇ. ಆಗ ಎದೆಯನ್ನು ಏರಿಳಿಸುವುದು ಯಂತ್ರವೇ ಹೊರತು ದೇಹವಲ್ಲ. ವೈದ್ಯರು ನಡೆಸುವ ಪರೀಕ್ಷೆಗಳಲ್ಲಿ ಮುಖ್ಯವಾದುದೊಂದು ಹೀಗಿದೆ: ಆಮ್ಲಜನಕವನ್ನು ಒದಗಿಸುತ್ತಲೇ ಉಸಿರಾಟದ ಯಂತ್ರವನ್ನು ಬಿಡಿಸಿ, ಉಸಿರು ತಾನಾಗಿ ಏಳುವುದೋ ಎಂದು ಕಾದು ನೋಡುತ್ತಾರೆ. 1994ರ ಮಾನವ ಅಂಗಾಂಗ ಕಸಿ ಕಾಯ್ದೆ ಮತ್ತು ಅದರ ನಿಯಮಗಳಂತೆ ನಾಲ್ವರು ವೈದ್ಯರ ಮಂಡಳಿಯು ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢೀಕರಿಸತಕ್ಕದ್ದು. ಕಸಿ ಮಾಡುವ ವೈದ್ಯರು ಆ ಮಂಡಳಿಯಲ್ಲಿ ಇರತಕ್ಕದ್ದಲ್ಲ. ಪ್ರಜ್ಞೆ ತಪ್ಪಿ ಮಲಗಿದ ರೋಗಿಯ ಸ್ಥಿತಿ ಬೇರೆ, ಇದು ಬೇರೆ. ಪ್ರಜ್ಞೆ ತಪ್ಪಿದವನು ಎಚ್ಚರಗೊಳ್ಳಬಹುದು. ಇಲ್ಲಿ ಮರಳುವ ದಾರಿಯೇ ಇಲ್ಲ.

ಎರಡನೆಯದು ಸಂಸ್ಕಾರದ ವಿಷಯ. ಅಂಗವಿಲ್ಲದ ದೇಹಕ್ಕೆ ಅಂತ್ಯೇಷ್ಟಿ ಸಲ್ಲುವುದೇ, ಮುಂದಿನ ಜನ್ಮದಲ್ಲಿ ಆ ಅಂಗ ಇಲ್ಲದೆ ಹೋಗುವುದೇ ಎಂಬ ಭಯ. ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಜೀವನ ನಿಜವಾದ ದೇಹವು ಸ್ವರೂಪದೇಹವೇ. ಅದರ ಅವಯವಗಳು ಜ್ಞಾನಾನಂದಾತ್ಮಕವಾದವು, ಯಾವ ಶಸ್ತ್ರಕ್ಕೂ ನಿಲುಕದವು. ಸ್ಥೂಲದೇಹವು ಹೊರಗಿನ ಹೊದಿಕೆ ಮಾತ್ರ. ವೈದ್ಯನು ತೆಗೆಯುವುದು ಆ ಹೊದಿಕೆಯಿಂದ. ಅಪಘಾತದಲ್ಲಿ ತೀರಿಕೊಂಡವರಿಗೆ ಶವಪರೀಕ್ಷೆ ನಡೆದ ಮೇಲೆಯೂ ದಹನಾದಿ ಕರ್ಮಗಳನ್ನು ನಾವು ನಡೆಸುತ್ತಲೇ ಬಂದಿದ್ದೇವೆ. ಅಂಗಗಳನ್ನು ಪಡೆದ ಬಳಿಕ ದೇಹವನ್ನು ಹೊಲಿದು, ಗೌರವದಿಂದ ಮನೆಯವರಿಗೆ ಒಪ್ಪಿಸುತ್ತಾರೆ. ಸ್ನಾನ ಮಾಡಿಸುವುದಕ್ಕೂ ದಹನಕ್ಕೂ ಅಡ್ಡಿಯಿಲ್ಲ. ಇನ್ನೂ ಸಂಶಯವುಳ್ಳವರು ತಮ್ಮ ಮಠದ ಗುರುಗಳಲ್ಲಿ ಈಗಲೇ ವಿಜ್ಞಾಪಿಸಿಕೊಳ್ಳಲಿ. ಆಸ್ಪತ್ರೆಯ ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆ ಇದಲ್ಲ.

ಒಬ್ಬ ದಾತನಿಂದ ಹೃದಯ, ಶ್ವಾಸಕೋಶಗಳು, ಯಕೃತ್ತು, ಮೂತ್ರಪಿಂಡಗಳು, ಮೇದೋಜೀರಕ ಗ್ರಂಥಿ, ಕರುಳು ಹೀಗೆ ಎಂಟು ಅಂಗಗಳವರೆಗೆ ದೊರೆಯಬಹುದು. ಮನೆಯಲ್ಲಿಯೇ ತೀರಿಕೊಂಡವರು ಕೂಡ ಸುಮಾರು 6 ಗಂಟೆಗಳೊಳಗೆ ನೇತ್ರದಾನ ಮಾಡಬಹುದು. ಡಾ. ರಾಜ್‌ಕುಮಾರ್ ಅವರ ನೇತ್ರಗಳು 2006ರಲ್ಲಿ, ಅವರ ಪುತ್ರ ಪುನೀತ್ ರಾಜ್‌ಕುಮಾರ್ ಅವರ ನೇತ್ರಗಳು 2021ರಲ್ಲಿ ದಾನವಾದುದನ್ನು ನಾಡೇ ಬಲ್ಲದು. ನಟ ಸಂಚಾರಿ ವಿಜಯ್ ಅವರು 2021ರಲ್ಲಿ ರಸ್ತೆ ಅಪಘಾತಕ್ಕೆ ಈಡಾದಾಗ ಅವರ ಮನೆಯವರು ಅಂಗಗಳನ್ನು ದಾನವಿತ್ತರು. ಕರ್ನಾಟಕದಲ್ಲಿ 'ಜೀವಸಾರ್ಥಕತೆ' ಎಂಬ ಸರ್ಕಾರಿ ಸಂಸ್ಥೆಯು ಕಾಯುವವರ ಪಟ್ಟಿಯನ್ನು ನೋಡಿಕೊಳ್ಳುತ್ತದೆ. ಅಂಗಗಳ ಕ್ರಯವಿಕ್ರಯವು ಶಿಕ್ಷಾರ್ಹ ಅಪರಾಧ. ಆದುದರಿಂದ ಮಿತ್ರರಿಗಾಗಿ ನಾವು ಕೂಡಿಸುವ ದ್ರವ್ಯವು ಚಿಕಿತ್ಸೆಗೂ ಔಷಧಕ್ಕೂ ಮಾತ್ರ ಸಲ್ಲತಕ್ಕದ್ದು.

ಅಂಗವನ್ನು ಪಡೆದವರ ಬಗೆಗೆ ಸಮಾಜದ ಕರ್ತವ್ಯವು ಶಸ್ತ್ರಚಿಕಿತ್ಸೆಯೊಂದಿಗೆ ಮುಗಿಯುವುದಿಲ್ಲ. ಹೊಸ ಅಂಗವನ್ನು ದೇಹವು ತಿರಸ್ಕರಿಸದಂತೆ ಅವರು ಜೀವನಪರ್ಯಂತ ಔಷಧಗಳನ್ನು ನಿಯತ ವೇಳೆಗೆ ಸೇವಿಸಬೇಕು. ಅವುಗಳಿಂದ ರೋಗನಿರೋಧಕ ಶಕ್ತಿ ಕುಗ್ಗುವುದು. ನಮ್ಮ ಭಕ್ತಿಯೂ ಪ್ರೀತಿಯೂ ಇದನ್ನು ಅರಿತು ನಡೆಯಬೇಕು. ಡಯಾಲಿಸಿಸ್‌ನಲ್ಲಿರುವವರನ್ನು ನೋಡಲು ಎಳನೀರು, ಬಾಳೆಹಣ್ಣು ಕೊಂಡೊಯ್ಯುವುದು ನಮ್ಮ ರೂಢಿ. ಅವುಗಳಲ್ಲಿರುವ ಪೊಟ್ಯಾಸಿಯಂ ಅವರ ಹೃದಯಕ್ಕೇ ಅಪಾಯ ತರಬಲ್ಲದು. ಕಸಿಯಾದವರಿಗೆ ಕಾಯಿಸದ ಹಾಲಿನ ಪಂಚಾಮೃತವನ್ನು ಒತ್ತಾಯಿಸಬಾರದು. ರಥೋತ್ಸವದ ಜನಸಂದಣಿಗೆ ಅವರು ಬರಲಿಲ್ಲವೆಂದು ಆಡಿಕೊಳ್ಳಬಾರದು. ಏಕಾದಶಿಯ ನಿರ್ಜಲ ಉಪವಾಸವು ಅವರಿಗೆ ಹಾನಿಕರವಾಗಬಹುದು. ವೈದ್ಯರ ಮಾತಿನಂತೆ ನೀರು, ಔಷಧ ಸೇವಿಸಿ ಹರಿಸ್ಮರಣೆ ಮಾಡುವವರನ್ನು ವ್ರತಭ್ರಷ್ಟರೆಂದು ಕಾಣುವುದು ನಮಗೆ ಶೋಭಿಸದು. ಗುಂಪಾಗಿ ನೋಡಲು ಹೋಗುವುದಕ್ಕಿಂತ, ಸರದಿಯಂತೆ ಒಬ್ಬೊಬ್ಬರು ಅವರ ಮನೆಗೆ ಬಿಸಿ ಅಡಿಗೆ ತಲುಪಿಸುವುದು, ಪರೀಕ್ಷೆಯ ದಿನ ಆಸ್ಪತ್ರೆಗೆ ಕರೆದೊಯ್ಯುವುದು, ತಿಂಗಳ ಔಷಧಕ್ಕೆ ನೆರವಾಗುವುದು ಹೆಚ್ಚಿನ ಸೇವೆ. ಮೊದಲ ತಿಂಗಳಲ್ಲಿ ಹರಿದು ಬರುವ ಸಹಾಯವು ಮೂರನೆಯ ವರ್ಷದಲ್ಲಿ ಬತ್ತದಿರುವುದೇ ನಮ್ಮ ಸೌಹಾರ್ದದ ಪರೀಕ್ಷೆ.

ದೇಶದ ಮೊದಲ ಯಶಸ್ವಿ ಹೃದಯ ಕಸಿ 1994ರ ಆಗಸ್ಟ್ 3ರಂದು ದೆಹಲಿಯಲ್ಲಿ ನಡೆಯಿತು. ಅದರ ಸ್ಮರಣೆಗಾಗಿ ಆ ದಿನವನ್ನು ಅಂಗದಾನ ದಿನವಾಗಿ ಆಚರಿಸುತ್ತಾರೆ. ಅದು ಬರುವುದೂ ಚಾತುರ್ಮಾಸ್ಯದ ಕಾಲದಲ್ಲಿಯೇ. ಪ್ರತಿಜ್ಞಾಪತ್ರವನ್ನು ನೋಂದಾಯಿಸಿದ್ದರೂ ಕೊನೆಗೆ ಒಪ್ಪಿಗೆಯನ್ನು ಕೇಳುವುದು ಮನೆಯವರನ್ನು. ಪ್ರತಿಜ್ಞೆ ಮಾಡಿದವರ ಮನಸ್ಸು ಮಡದಿಮಕ್ಕಳಿಗೆ ತಿಳಿದಿರದಿದ್ದರೆ ಆ ಪತ್ರವು ಪೆಟ್ಟಿಗೆಯಲ್ಲಿಯೇ ಉಳಿಯುವುದು. ಆದುದರಿಂದ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತ ಒಂದು ದಿನ ಹಿರಿಯರು ತಾವಾಗಿಯೇ ಈ ಮಾತನ್ನೆತ್ತಬೇಕೆಂದು ನಮ್ಮ ವಿಜ್ಞಾಪನೆ. ಈ ದೇಹವನ್ನು ಕೊಟ್ಟವನು ಶ್ರೀಹರಿ. ಅದನ್ನು ನಡೆಸಿದವನು ಮುಖ್ಯಪ್ರಾಣ. ಕೊಡುವ ನಾವು ಸ್ವತಂತ್ರಕರ್ತರಲ್ಲ. ನಿತ್ಯವೂ ಆಚಮನದ ನೀರು ಬಿಟ್ಟು ಕೃಷ್ಣಾರ್ಪಣವೆನ್ನುವ ನಾವು ಕೊನೆಯದೊಂದು ದಾನವನ್ನೂ ಅವನ ಪಾದಗಳಲ್ಲಿಯೇ ಇರಿಸೋಣ.

॥ ಶ್ರೀಕೃಷ್ಣಾರ್ಪಣಮಸ್ತು ॥