ಮೂಗು ಯಾರ ಸೊತ್ತು?

ನಮ್ಮ ಮಾತಿನಲ್ಲಿ ಮೂಗಿಗೆ ವಹಿಸಿರುವ ಕೆಲಸಗಳಲ್ಲಿ ಉಸಿರಾಟ ತೀರ ಸಣ್ಣದು. ಕೋಪ ಅದರ ತುದಿಯಲ್ಲಿ ಕುಳಿತಿರುತ್ತದೆ. ಆಶ್ಚರ್ಯವಾದರೆ ಬೆರಳು ಅದರ ಮೇಲೆ ಹೋಗುತ್ತದೆ. ಹಿಡಿಸದ್ದನ್ನು ಕಂಡರೆ ಅದನ್ನು ಮುರಿಯುತ್ತೇವೆ, ಸಂಬಂಧವಿಲ್ಲದ ಕಡೆಯಲ್ಲೆಲ್ಲ ಅದನ್ನು ತೂರಿಸುತ್ತೇವೆ. ಮೂಗು ಹೋಯಿತೆಂದರೆ ಮಾನ ಹೋಯಿತೆಂದೇ ಲೆಕ್ಕ. ಶೂರ್ಪನಖಿಯನ್ನು ಕೊಲ್ಲದೆ ಮೂಗು ಕೊಯ್ದು ಕಳುಹಿಸಿದುದರ ಅರ್ಥವನ್ನು ಯಾರಿಗೂ ವಿವರಿಸಬೇಕಾದುದಿಲ್ಲ. ಕೊಂದರೆ ಅಪಮಾನ ಅಲ್ಲಿಗೆ ಮುಗಿಯುತ್ತದೆ. ಮೂಗು ಕೊಯ್ದರೆ ಬದುಕಿರುವಷ್ಟು ಕಾಲವೂ ಅದನ್ನು ಹೊತ್ತು ತಿರುಗಬೇಕು. ಕೊಯ್ಯುವವನು ಒಬ್ಬ, ಒಮ್ಮೆ. ಆಮೇಲೆ ಆ ಶಿಕ್ಷೆಯನ್ನು ದಿನವೂ ನಡೆಸಿಕೊಂಡು ಹೋಗುವವರು ಬೀದಿಯಲ್ಲಿ ನಿಂತು ನೋಡುವವರು.

ಮುಖವನ್ನು ಶಸ್ತ್ರದಿಂದ ತಿದ್ದಿಸಿಕೊಳ್ಳುವುದು ಸರಿಯೆ ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರ ಬಳಿ ಉತ್ತರ ಸಿದ್ಧವಾಗಿದೆ. ಉಸಿರಿಗಾದರೆ ಸರಿ, ಚಂದಕ್ಕಾದರೆ ಚಪಲ. ಹೊಳ್ಳೆಗಳ ನಡುವಣ ಗೋಡೆ ಒಂದು ಕಡೆಗೆ ಬಾಗಿ ಉಸಿರು ಕಟ್ಟುತ್ತಿದ್ದರೆ ಕಿವಿ ಮೂಗು ಗಂಟಲಿನ ಡಾಕ್ಟರು ಅದನ್ನು ನೆಟ್ಟಗೆ ಮಾಡಿಕೊಡುತ್ತಾರೆ. ವಿಮಾ ಕಂಪೆನಿಯೂ ತನ್ನ ಗಡುವು ಕಳೆದ ಮೇಲೆ ಸಾಮಾನ್ಯವಾಗಿ ಹಣ ಕೊಡುತ್ತದೆ. ಅದೇ ಮೂಗಿನ ಹೊರಗಿನ ಗೂನನ್ನು ತೆಗೆಸಿದರೆ ಅದು ಶೋಕಿ, ಖರ್ಚು ನಿಮ್ಮದು. ಗೆರೆ ಇಷ್ಟು ಸುಲಭವಾಗಿ ಬೀಳುವುದಾದರೆ ಒಳ್ಳೆಯದೇ. ಆದರೆ ಈ ವಿದ್ಯೆಯ ಚರಿತ್ರೆಯನ್ನು ನೋಡಿದರೆ ಹಾಗೆ ಬೀಳುವಂತೆ ತೋರುವುದಿಲ್ಲ.

ಆ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ಶುರುವಾಗುವುದು ಶ್ರೀರಂಗಪಟ್ಟಣದ ಯುದ್ಧದಲ್ಲಿ. ಕಾವಸ್‌ಜಿ ಎಂಬವನು ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದವನು. 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನೆಂದು ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ 1794ರ ಅಕ್ಟೋಬರಿನಲ್ಲಿ ಅಚ್ಚುಮಾಡಿದ ಪತ್ರ ಹೇಳುತ್ತದೆ. ಸುಮಾರು ಒಂದು ವರ್ಷ ಹಾಗೆಯೇ ಇದ್ದ ಮೇಲೆ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಅವನಿಗೆ ಹೊಸ ಮೂಗು ಮಾಡಿಕೊಟ್ಟ. ಮೇಣದ ತೆಳುಹಾಳೆಯಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಚಪ್ಪಟೆಯಾಗಿ ಹಣೆಯ ಮೇಲಿಟ್ಟು ಗೆರೆ ಎಳೆದು, ಆ ಆಕಾರಕ್ಕೆ ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವೆ ಮಾತ್ರ ಒಂದು ಪಟ್ಟಿ ಕಡಿಯದೆ ಉಳಿಸಿ ಕೆಳಕ್ಕೆ ತಿರುಗಿಸುವುದು, ಅಂಟಿಸಲು ಕಾಚು. ಆ ಪಟ್ಟಿಯ ಮೂಲಕ ರಕ್ತ ಹರಿಯುತ್ತ ಹೊಸ ಮೂಗು ಬೇರು ಬಿಟ್ಟ ಮೇಲೆ, ಸುಮಾರು 25 ದಿನಕ್ಕೆ, ಅದನ್ನು ಕತ್ತರಿಸುವುದು. ಬೊಂಬಾಯಿಯ ಇಬ್ಬರು ಇಂಗ್ಲಿಷ್ ವೈದ್ಯರು ನಿಂತು ನೋಡಿದರು. ಆ ವರ್ತಮಾನದ ಜಾಡು ಹಿಡಿದು ಲಂಡನ್ನಿನ ಜೋಸೆಫ್ ಕಾರ್ಪ್ಯೂ ಹೆಣಗಳ ಮೇಲೆ ಕೈ ಪಳಗಿಸಿಕೊಂಡು 1814ರಲ್ಲಿ ಅದನ್ನೇ ಮಾಡಿದ. ಇಂದಿಗೂ ಕ್ಯಾನ್ಸರಿನಿಂದ ಮೂಗು ಕಳೆದುಕೊಂಡವರಿಗೆ ಹಣೆಯ ಚರ್ಮವೇ ಆಸರೆ.

ಕಾವಸ್‌ಜಿಯ ಕೈಯೂ ಹೋಗಿತ್ತು ತಾನೆ? ಅದನ್ನು ಯಾರೂ ತಂದುಕೊಡಲಾರರು, ಮೂಗನ್ನು ಕೊಡಬಲ್ಲವರಿದ್ದರು. ಆದರೆ ಗಮನಿಸಿ, ಹೊಟ್ಟೆಪಾಡಿಗೆ ಬೇಕಾದದ್ದು ಕೈ. ಮೂಗಿಲ್ಲದೆಯೂ ಉಸಿರಾಡಬಹುದು, ಗಾಡಿ ಹೊಡೆಯಬಹುದು. ಅವನು ಹಣೆಯ ಚರ್ಮ ಸುಲಿಸಿಕೊಂಡದ್ದು ನಾಲ್ಕು ಜನರ ನಡುವೆ ಮುಖ ಎತ್ತಿ ಕುಳಿತುಕೊಳ್ಳುವುದಕ್ಕೆ. ಇದನ್ನು ಚಪಲ ಎನ್ನುವ ಧೈರ್ಯ ಯಾರಿಗಿದೆ?

ಅಲ್ಲಿ ಮೂಗು ಕೊಯ್ದವರಿದ್ದರು, ಅದು ಅನ್ಯಾಯ, ಅನ್ಯಾಯವನ್ನು ಸರಿಪಡಿಸಿದ್ದಾಯಿತು ಎನ್ನಬಹುದು. ಹುಟ್ಟಿನಿಂದ ಬಂದ ಮುಖವಾದರೆ? ಬರ್ಲಿನ್ನಿನಲ್ಲಿ 1896ರಲ್ಲಿ ಒಬ್ಬ ತಾಯಿ ತನ್ನ ಮಗನನ್ನು ಜಾಕ್ ಜೋಸೆಫ್ ಎಂಬ ತರುಣ ಶಸ್ತ್ರವೈದ್ಯನ ಬಳಿಗೆ ಕರೆತಂದಳು. ಹುಡುಗನ ಕಿವಿಗಳು ದೊಡ್ಡವು, ಮೊರದಂತೆ ಹೊರಚಾಚಿದವು, ಚೆನ್ನಾಗಿ ಕೇಳಿಸುತ್ತಿದ್ದವು. ಜೊತೆಯವರ ಗೇಲಿ ತಾಳಲಾರದೆ ಅವನು ಶಾಲೆಗೇ ಹೋಗಲೊಲ್ಲ. ಜೋಸೆಫ್ ಕಿವಿಗಳನ್ನು ತಿದ್ದಿದ. ಶಸ್ತ್ರಕ್ರಿಯೆ ಗೆದ್ದಿತು, ಅವನ ಕೆಲಸ ಹೋಯಿತು. ಚಂದಕ್ಕಾಗಿ ಕತ್ತಿ ಹಿಡಿಯುವುದು ಮೇಲಿನವರಿಗೆ ಒಪ್ಪಿಗೆಯಾಗಲಿಲ್ಲ. 1898ರಲ್ಲಿ ದೊಡ್ಡ ಮೂಗಿನ ಗೃಹಸ್ಥನೊಬ್ಬನ ಮೂಗನ್ನು ಅವನು ಕಿರಿದು ಮಾಡಿದ. ಆ ಗೃಹಸ್ಥ ಆಮೇಲೆ ಸಂತೋಷಪಟ್ಟದ್ದು ತಾನು ಸುಂದರನಾದೆನೆಂದಲ್ಲ. ಬೀದಿಯಲ್ಲಿ ಯಾರೂ ತನ್ನನ್ನು ಗಮನಿಸದಂತೆ ಓಡಾಡಬಲ್ಲೆನೆಂದು. ನಾವು ಇಂಥವರನ್ನು ರೂಪಗರ್ವಿಗಳೆಂದುಕೊಳ್ಳುತ್ತೇವೆ. ಬಹಳ ಮಂದಿಗೆ ಬೇಕಾದದ್ದು ಎಲ್ಲರ ಕಣ್ಣಿಗೆ ಬೀಳುವುದಲ್ಲ, ಬೀಳದಿರುವುದು.

ಆದರೆ ಇಲ್ಲಿಯೇ ಒಂದು ಮುಳ್ಳಿದೆ. ಜೋಸೆಫ್ ಯೆಹೂದ್ಯ, ಅವನ ಬಳಿ ಬರುತ್ತಿದ್ದವರಲ್ಲಿ ತಮ್ಮ ಮೂಗು ತಮ್ಮ ಜಾತಿಯನ್ನು ಸಾರುತ್ತದೆಂದು ಅಂಜಿದ ಯೆಹೂದ್ಯರೂ ಇದ್ದರು. ಅವನ ಕೆನ್ನೆಯ ಮೇಲೆಯೋ ವಿದ್ಯಾರ್ಥಿ ದೆಸೆಯ ಕತ್ತಿವರಸೆಯ ಗಾಯದ ಗುರುತು. ಆ ಕಾಲದ ಜರ್ಮನಿಯಲ್ಲಿ ಅದು ಮರ್ಯಾದಸ್ಥನ ಲಾಂಛನ. ಸೀಳಿದ ಕೆನ್ನೆಗೆ ಗೌರವ, ಹುಟ್ಟಿದ ಮೂಗಿಗೆ ನಾಚಿಕೆ! ಒಂದೊಂದು ಮೂಗು ತಿದ್ದಿದ ಹಾಗೆಲ್ಲ ತಿದ್ದದೆ ಉಳಿದ ಮೂಗುಗಳು ಇನ್ನಷ್ಟು ಎದ್ದು ಕಂಡಿರಬೇಕು. ಅವನು 1934ರಲ್ಲಿ ತೀರಿಕೊಂಡ. ಮಾರನೆಯ ವರ್ಷ ಬಂದ ಕಾನೂನು ಯಾರ ಮೂಗನ್ನೂ ನೋಡಲಿಲ್ಲ. ಅಜ್ಜ ಅಜ್ಜಿಯರ ಮತ ಯಾವುದೆಂದು ಕೇಳಿತು.

ತಪ್ಪು ನೋಡುವವನ ಕಣ್ಣಿನಲ್ಲಿರುವಾಗ ನೋಡಿಸಿಕೊಳ್ಳುವವನ ಮುಖಕ್ಕೆ ಕತ್ತಿ ಹಾಕುವುದು ನ್ಯಾಯವೆ? ನ್ಯಾಯವಲ್ಲ. ಆದರೆ ಊರಿನ ಕಣ್ಣು ತಿದ್ದುವವರೆಗೆ ಕಾದಿರು ಎಂದು ಆ ಹುಡುಗನಿಗೆ ಹೇಳುವವರು ಯಾರು? ಅವನು ನಾಳೆ ಬೆಳಿಗ್ಗೆ ಶಾಲೆಗೆ ಹೋಗಬೇಕು. ವಧುಪರೀಕ್ಷೆಯಲ್ಲಿ ಮೂರು ಸಲ ಬೇಡವೆನಿಸಿಕೊಂಡ ಹುಡುಗಿ ಸಾಲ ಮಾಡಿ ಮೂಗು ತಿದ್ದಿಸಿಕೊಂಡರೆ ನಾವು ಅವಳ ಚಾಪಲ್ಯದ ಬಗ್ಗೆ ಉಪದೇಶ ಮಾಡುತ್ತೇವೆ. ಉಪ್ಪಿಟ್ಟು ತಿಂದು ಬೇಡವೆಂದು ಎದ್ದುಹೋದ ಮೂವರಿಗೆ ಉಪದೇಶವಿಲ್ಲ. ಗೆರೆ ಎಳೆಯಲೇಬೇಕಾದರೆ ನಾನು ಉಸಿರಿಗೂ ಚಂದಕ್ಕೂ ನಡುವೆ ಎಳೆಯಲಾರೆ. ಇರುವ ನಾಚಿಕೆಯನ್ನು ಇಳಿಸುವ ಶಸ್ತ್ರಕ್ಕೂ, ಇಲ್ಲದ ನಾಚಿಕೆಯನ್ನು ಜಾಹೀರಾತಿನಿಂದ ಹುಟ್ಟಿಸಿ ಆಮೇಲೆ ಅದಕ್ಕೆ ಬೆಲೆ ಕಟ್ಟುವ ಶಸ್ತ್ರಕ್ಕೂ ನಡುವೆ ಎಳೆಯುತ್ತೇನೆ. ಒಪ್ಪುತ್ತೇನೆ, ಈ ಗೆರೆಯೂ ಅಷ್ಟೇನೂ ಗಟ್ಟಿಯಲ್ಲ: ಹುಟ್ಟಿಸಿದ ನಾಚಿಕೆಯೂ ಒಮ್ಮೆ ಹುಟ್ಟಿದ ಮೇಲೆ ನಿಜವಾಗಿಯೇ ಸುಡುತ್ತದೆ.

ಆದರೂ ಉಸಿರು-ಚಂದಗಳ ಗೆರೆ ಪೂರ್ತಿ ಅಳಿಸಿಹೋಗುವುದನ್ನು ಕಾಣಬೇಕಾದರೆ ವೇಲೂರಿಗೆ ಹೋಗಬೇಕು. ಅಲ್ಲಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ 1940ರ ದಶಕದ ಕೊನೆಯಿಂದ ಡಾಕ್ಟರ್ ಪಾಲ್ ಬ್ರ್ಯಾಂಡ್ ಕುಷ್ಠದಿಂದ ಮುರುಟಿದ ಕೈಗಳನ್ನು ನೆಟ್ಟಗೆ ಮಾಡಲು ತೊಡಗಿದರು. ರೋಗ ಗುಣವಾಗಿದೆ, ಬೆರಳುಗಳು ಆಡುತ್ತಿವೆ, ಇನ್ನೇನು ಬೇಕು? ಆದರೆ ಗುಣವಾದವರು ಹಿಂತಿರುಗಿ ಬಂದು, ಈ ಕೈಗಳು ಭಿಕ್ಷೆಗೂ ಒದಗುವುದಿಲ್ಲ ಎಂದರು. ಮುರುಟಿದ ಕೈಗೆ ಕಾಸು ಬೀಳುತ್ತಿತ್ತು. ನೆಟ್ಟಗಿನ ಕೈಗೆ ಬೀಳದು. ಕೂಲಿ ಕೇಳಹೋದರೆ ಕುಸಿದ ಮೂಗು, ಬೋಳಾದ ಹುಬ್ಬು ಕಂಡು ಬಾಗಿಲು ಮುಚ್ಚುತ್ತಿತ್ತು. ಆಗ ಬ್ರ್ಯಾಂಡ್ ಮೂಗನ್ನೂ ಎತ್ತಿ ನಿಲ್ಲಿಸಿದರು, ನೆತ್ತಿಯ ಕಡೆಯ ಕೂದಲುಳ್ಳ ಚರ್ಮ ತಂದು ಹುಬ್ಬನ್ನೂ ಕೂರಿಸಿದರು. ಹುಬ್ಬಿನಿಂದ ಮನುಷ್ಯನಿಗೆ ಆಗಬೇಕಾದ ಕೆಲಸ ಬೆವರು ತಡೆಯುವಷ್ಟು ಮಾತ್ರ. ತಲೆಗೂದಲು ಎಲ್ಲಿ ನೆಟ್ಟರೂ ತಲೆಗೂದಲೇ. ಅದು ಬೆಳೆಯುತ್ತಲೇ ಇರುತ್ತದೆ, ಆಗಾಗ ಕತ್ತರಿಸಿಕೊಳ್ಳಬೇಕು. ಕೆಲವರು ಕತ್ತರಿಸಿಕೊಳ್ಳಲಿಲ್ಲ. ಎಷ್ಟೋ ವರ್ಷ ಬೋಳಾಗಿದ್ದ ಜಾಗದಲ್ಲಿ ಕೂದಲು ಕಣ್ಣಿನ ಮೇಲೆ ಇಳಿಬಿದ್ದರೂ ಬಿಟ್ಟುಕೊಂಡು ತಿರುಗಿದರು.