ಯಾರ ಸೀನು, ಯಾರ ಶಕುನ

ಆಷಾಢದ ಒಂದು ಮುಂಜಾನೆ ನಮ್ಮ ದೊಡ್ಡಮ್ಮನವರು ಊರಿಗೆ ಹೊರಟು ಹೊಸ್ತಿಲು ದಾಟುವಷ್ಟರಲ್ಲಿ, ಬಚ್ಚಲೊಲೆಯ ಬೂದಿಯ ಪಕ್ಕದಲ್ಲಿ ಮುದುಡಿದ್ದ, ಐದು ವಾರವೂ ತುಂಬದ ಬೆಕ್ಕಿನ ಮರಿಯೊಂದು ಸೀನಿತು. ಒಂಟಿ ಸೀನೆಂದು ಅವರು ಹಿಂದಿರುಗಿ ಕುಳಿತು, ಒಂದು ಲೋಟ ನೀರು ಕುಡಿದು, ಗಳಿಗೆ ಕಳೆದ ಮೇಲೆ ಹೊರಟರು. ಸೀನಿದ ಪ್ರಾಣಿಯತ್ತ ಮನೆಯಲ್ಲಿ ಯಾರೊಬ್ಬರೂ, ನಾನೂ, ಕಣ್ಣೆತ್ತಿ ನೋಡಲಿಲ್ಲ. ಅನ್ಯಜೀವದ ದೇಹದಲ್ಲಿ ನಡೆದುದನ್ನು ನಮ್ಮ ಪ್ರಯಾಣದ ವಾರ್ತೆಯಾಗಿ ಮಾಡಿಕೊಳ್ಳುವುದೇ ಶಕುನದ ಮೂಲದೋಷವೆಂದು ನನಗೆ ಅನಂತರ ತೋರಿತು.

ವಿನಯಪಿಟಕದ ಚುಲ್ಲವಗ್ಗದಲ್ಲಿ ಒಂದು ಪ್ರಸಂಗವುಂಟು. ಧರ್ಮೋಪದೇಶದ ನಡುವೆ ಬುದ್ಧನಿಗೆ ಸೀನು ಬಂದಿತು. ಚಿರಂಜೀವಿಯಾಗೆಂದು ಭಿಕ್ಷುಗಳು ಹರಸಿದ ಕೋಲಾಹಲದಲ್ಲಿ ಉಪದೇಶವೇ ನಿಂತುಹೋಯಿತು. ಹಾಗೆಂದ ಮಾತ್ರಕ್ಕೆ ಒಬ್ಬನು ಬದುಕುವನೆ, ಸಾಯುವನೆ ಎಂದು ಕೇಳಿ ಆತನು ಆ ರೂಢಿಯನ್ನು ನಿಲ್ಲಿಸಿದನು; ಗೃಹಸ್ಥರು ನೊಂದುಕೊಂಡಾಗ, ಅವರು ಹರಸಿದರೆ ಮರುಹರಕೆ ಹೇಳಬಹುದೆಂದು ಅನುಮತಿಯನ್ನೂ ಇತ್ತನು.

ಶಕುನವಲ್ಲದಿದ್ದರೂ ಸೀನಿಗೆ ಕಾರಣವುಂಟು. ಬೆಕ್ಕಿನ ಮರಿಗಳು ಅಗರಬತ್ತಿಯ ಹೊಗೆಗೂ ಬೂದಿಯ ಧೂಳಿಗೂ ಸೀನುತ್ತವೆ. ಅಂಥ ಸೀನು ಒಂದೆರಡು ಸಲ ಬಂದು ಹೋಗುತ್ತದೆ, ಮರಿ ಮತ್ತೆ ಆಟಕ್ಕೆ ಬೀಳುತ್ತದೆ. ಆದರೆ ತಾಯಿಯ ಹಾಲಿನಿಂದ ಬಂದ ರಕ್ಷಣೆ ಕ್ಷೀಣಿಸುವ ವಯಸ್ಸಿನಲ್ಲಿ ಬಿಡದೆ ಬರುವ ಸೀನಿಗೆ ಬಹುಪಾಲು ಬೆಕ್ಕಿನ ಹರ್ಪಿಸ್ ವೈರಾಣುವೋ ಕ್ಯಾಲಿಸಿ ವೈರಾಣುವೋ ಕಾರಣ. ಕ್ಯಾಲಿಸಿ ನಾಲಗೆಯ ಮೇಲೆ ಹುಣ್ಣೆಬ್ಬಿಸುತ್ತದೆ. ಹರ್ಪಿಸ್ ರೋಗ ವಾಸಿಯಾದ ಮೇಲೂ ಮುಖದ ನರಗಂಟಿನಲ್ಲಿ ಆಜೀವವಾಗಿ ಅಡಗಿದ್ದು, ಭಯ ಬಳಲಿಕೆಗಳ ಕಾಲದಲ್ಲಿ ತಲೆಯೆತ್ತುತ್ತದೆ. ಬಾಣಂತಿ ಬೆಕ್ಕು ನೆಕ್ಕಿ ಮುದ್ದಿಸುತ್ತಲೇ ಮರಿಗೆ ಅದನ್ನು ದಾಟಿಸುವುದುಂಟು. ಇದನ್ನು ಆ ಮರಿಯ ಪೂರ್ವಕರ್ಮವೆನ್ನಲು ನನಗೆ ನಾಲಗೆ ಏಳದು. ಮೂಗು ಕಟ್ಟಿದರೆ ವಾಸನೆ ತಿಳಿಯದು, ವಾಸನೆಯಿಲ್ಲದ ಅನ್ನ ಬೆಕ್ಕಿಗೆ ಅನ್ನವೇ ಅಲ್ಲ. ಹೀಗೆ ರೋಗ ಉಳಿಸಿದ ಮರಿಯನ್ನು ಉಪವಾಸ ಕೊಂಡೊಯ್ಯುತ್ತದೆ.

ಶ್ರೀವೈಷ್ಣವರಲ್ಲಿ ತೆಂಗಲೆಯವರು ಪ್ರಪತ್ತಿಯನ್ನು, ಎಂದರೆ ಭಗವಂತನಿಗೆ ಶರಣಾಗುವುದನ್ನು, ಮಾರ್ಜಾಲಕಿಶೋರ ನ್ಯಾಯದಿಂದ ವಿವರಿಸುತ್ತಾರೆ. ವಡಗಲೆಯವರ ಕೋತಿಮರಿ ತಾಯಿಯನ್ನು ತಾನೇ ಅವುಚಿಕೊಳ್ಳಬೇಕು; ಬೆಕ್ಕಿನ ಮರಿಗೆ ಆ ಶ್ರಮವೂ ಇಲ್ಲ, ತಾಯಿಯೇ ಕತ್ತಿನ ತೊಗಲನ್ನು ಕಚ್ಚಿ ಒಯ್ಯುತ್ತಾಳೆ. ಹರಿಕಥೆಗಳಲ್ಲಿ ಈ ದೃಷ್ಟಾಂತವನ್ನು ಕೇಳಿದಾಗಲೆಲ್ಲ ನಾನು ನನ್ನನ್ನು ಮರಿಯ ಸ್ಥಾನದಲ್ಲಿಯೇ ಇರಿಸಿಕೊಂಡಿದ್ದೆ. ತಾಯಿಬೆಕ್ಕು ಹಿಂದಿನ ರಾತ್ರಿಯಿಂದ ಮನೆಗೆ ಮರಳಿರಲಿಲ್ಲವೆಂಬುದು ಅರಿವಿಗೆ ಬಂದಾಗ, ಆ ನ್ಯಾಯದ ಇನ್ನೊಂದು ಸ್ಥಾನ ನಮ್ಮ ಬಚ್ಚಲಲ್ಲಿ ಬರಿದಾಗಿ ಬಿದ್ದಿರುವುದು ಕಂಡಿತು. ಭಗವಂತನು ಎತ್ತಿಕೊಳ್ಳುವನೆಂದು ನಂಬಿದವನ ಕೈಯನ್ನೇ ಅವನು ಒಂದು ದಿನ ಎರವಲು ಕೇಳಿದರೆ, ಇದು ನನ್ನ ಕೆಲಸವಲ್ಲವೆನ್ನಲು ಬರುತ್ತದೆಯೆ?

ಮಧ್ಯಾಹ್ನ ನೋಡುವಾಗ ಮರಿಯ ಎಡಗಣ್ಣು ಕೀವಿನಿಂದ ಅಂಟಿಕೊಂಡಿತ್ತು. ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿದ ಹತ್ತಿಯಿಂದ ಬಹಳ ಹೊತ್ತು ನೆನೆಸಿದ ಮೇಲೆ ರೆಪ್ಪೆ ಬಿಚ್ಚಿತು. ಕಣ್ಣು ಹೀಗೆ ಮುಚ್ಚಿದರೆ, ಸಿಂಬಳ ಹಳದಿಯೋ ಹಸಿರೋ ಆದರೆ, ಮರಿ ಎರಡು ಹೊತ್ತು ಉಣ್ಣದಿದ್ದರೆ, ಅಂದೇ ಪಶುವೈದ್ಯರಲ್ಲಿಗೆ ಒಯ್ಯಬೇಕು. ಬಾಯಿ ತೆರೆದು ಉಸಿರೆಳೆದರೆ ಆ ಕ್ಷಣವೇ. ಎಂಟು ವಾರದೊಳಗಿನ ಮರಿಗೆ ಕಾಲಾವಕಾಶ ಅತ್ಯಲ್ಪ. ನಮ್ಮ ಪೆಟ್ಟಿಗೆಯ ಪ್ಯಾರಾಸಿಟಮಾಲ್ ಮಾತ್ರೆಯ ಚೂರೂ ಬೆಕ್ಕಿಗೆ ಪ್ರಾಣಾಂತಿಕ ವಿಷ, ಅದರ ಯಕೃತ್ತು ಅದನ್ನು ಅರಗಿಸಲಾರದು. ನೀಲಗಿರಿ ಎಣ್ಣೆಯನ್ನೂ ಮುಟ್ಟಿಸಬಾರದು.

ಬುಟ್ಟಿಯಲ್ಲಿ ಹಳೆಯ ಪಂಚೆ ಹಾಸಿ ಮರಿಯನ್ನು ವೈದ್ಯರಲ್ಲಿಗೆ ಒಯ್ದೆ. ನಾಲ್ಕನೆಯ ದಿನ, ಬೆಚ್ಚಗೆ ಮಾಡಿದ ಮೀನಿನ ಚೂರನ್ನು ಮುಂದೆ ಹಿಡಿದಾಗ ಅದು ಮೊದಲು ಸೀನಿತು, ಅನಂತರ ಕತ್ತು ಚಾಚಿ ಮೂಸಿತು. ಊರಿನಿಂದ ಮರಳಿದ್ದ ದೊಡ್ಡಮ್ಮನವರು ನನ್ನ ಕೈಯಿಂದ ಚೂರನ್ನು ತೆಗೆದುಕೊಂಡು, ಮುಳ್ಳಿಗಾಗಿ ಮತ್ತೊಮ್ಮೆ ಬೆರಳಾಡಿಸಿ, ಇನ್ನೂ ಚಿಕ್ಕದಾಗಿ ಹರಿದುಕೊಟ್ಟರು.